ಬಿದ್ದವನ ಹೆಸರೇನು?

ಸಾಗರದಿಂದ ಒಬ್ಬ ನಿವೃತ್ತ ಮೇಷ್ಟ್ರು ಬರೆದಿದ್ದಾರೆ:

"ಕಳೆದ ಸಂಚಿಕೆಯಲ್ಲಿ ಯಾಕಿಮಾ ಕನಟ್ ಎಂಬ ಅಮೆರಿಕದ ಕುದುರೆ ಸವಾರನ ಬಗ್ಗೆ ಎರಡು ಪುಟ ಹಾಕಿದ್ದೀರಿ. ಪಳಗದ ಕುದುರೆ ಏರುವ ರೋಡಿಯೋ ಸ್ಪರ್ಧೆಯಲ್ಲಿ ಗೆದ್ದ, ಮೂಕಿ ಸಿನಿಮಾದಲ್ಲಿ ಹೀರೋ ಆದ, ಸಿನಿಮಾಕ್ಕೆ ಮಾತು ಬಂದ ಕೂಡಲೇ ಮೂಲೆಗೆ ಬಿದ್ದ. ಆಮೇಲೆ ಬೇರೆಯವರ ಬದಲಿಗೆ ಕುದುರೆಯಿಂದ ಬಿದ್ದು ಹೊಟ್ಟೆ ಹೊರೆದ. ಇದು ನಟನಾಗಿ ಸೋತವನ ಕಥೆ ಅಲ್ಲವೇ? ಬೀಳುವುದಕ್ಕೆ ಎಂಥ ಪ್ರತಿಭೆ ಬೇಕು? ಆ ಕಾಲದಲ್ಲಿ ಕುದುರೆಗಳ ಕಾಲಿಗೆ ತಂತಿ ಕಟ್ಟಿ ಬೀಳಿಸುತ್ತಿದ್ದರಂತೆ, ಅದನ್ನು ನೀವು ಬರೆಯಲೇ ಇಲ್ಲ. ನನ್ನ ಹಳೇ ಶಿಷ್ಯನೊಬ್ಬ ಬೆಂಗಳೂರಿನಲ್ಲಿ ಸಿನಿಮಾ ಫೈಟರ್ ಆಗಿದ್ದಾನೆ. ಓದಿನಲ್ಲಿ ಜಾಣನಿದ್ದ ಹುಡುಗ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಇಂಥ ಲೇಖನ ಓದಿ ಇನ್ನಷ್ಟು ಹುಡುಗರು ಆ ದಾರಿ ಹಿಡಿಯುವುದು ಬೇಡ."

ಮೇಷ್ಟ್ರೇ,

ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ "ಬೀಳುವುದಕ್ಕೆ ಎಂಥ ಪ್ರತಿಭೆ ಬೇಕು" ಎಂಬ ಆ ಒಂದು ಸಾಲು ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ಸಲ ಜಾಗ ಜಾಸ್ತಿ ತೆಗೆದುಕೊಂಡಿದ್ದೇನೆ.

ಮೊದಲು ನೀವು ಹೇಳಿದ್ದರಲ್ಲಿ ಸರಿ ಇರುವುದನ್ನು ಒಪ್ಪಿಕೊಳ್ಳುತ್ತೇನೆ. ಮುಖದಲ್ಲಿ ಭಾವ ತಂದು ನಿಲ್ಲಿಸುವುದು ದೊಡ್ಡ ವಿದ್ಯೆ. ಕನಟ್‌ಗೆ ಅದು ಅಷ್ಟಾಗಿ ಒಲಿಯಲಿಲ್ಲ. ಕುದುರೆಗಳ ಮಾತೂ ನಿಜ. ರನ್ನಿಂಗ್ ಡಬ್ಲ್ಯೂ ಎಂಬ ಏರ್ಪಾಡೊಂದಿತ್ತು. ಕುದುರೆಯ ಮುಂಗಾಲಿಗೆ ಪಟ್ಟಿ ಕಟ್ಟಿ, ಅದರಿಂದ ತೆಳು ತಂತಿ ಎಳೆದು, ಇನ್ನೊಂದು ತುದಿಯನ್ನು ನೆಲದಲ್ಲಿ ಹೂಳುತ್ತಿದ್ದರು. ಓಡುತ್ತಾ ತಂತಿ ಮುಗಿದ ಕಡೆ ಕುದುರೆ ಮುಗ್ಗರಿಸಿ ಬೀಳುತ್ತಿತ್ತು. ಕನಟ್ ಕೂಡ ಅದನ್ನು ಬಳಸಿದವನೇ. 1939ರ 'ಜೆಸ್ಸಿ ಜೇಮ್ಸ್' ಚಿತ್ರಕ್ಕಾಗಿ ಒಂದು ಕುದುರೆಯನ್ನು ಎತ್ತರದ ಬಂಡೆಯಿಂದ ನೀರಿಗೆ ಬೀಳಿಸಿ ಕೊಂದ ಮೇಲೆ ಜನ ಸಿಟ್ಟಿಗೆದ್ದರು. ಪ್ರಾಣಿದಯಾ ಸಂಘದವರು ಸೆಟ್ಟಿಗೇ ಬಂದು ನೋಡುವ ಏರ್ಪಾಡಾಯಿತು. ಇದನ್ನು ಲೇಖನದಲ್ಲಿ ಬಿಟ್ಟಿದ್ದು ನಮ್ಮ ತಪ್ಪು.

ಇನ್ನು ನನ್ನ ಸರದಿ.

ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಭಾನುವಾರ ಬೆಳಿಗ್ಗೆ ಒಂದು ಟಾಕೀಸಿನಲ್ಲಿ ಹಳೇ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಒಂದು ಸಲ 'ಸ್ಟೇಜ್‌ಕೋಚ್' ಬಂತು. ನಮ್ಮನ್ನು ಕರೆತಂದ ಜಟಕಾ ಸಾಬರಿಗೆ "ಕುದುರೆ ಸಿನಿಮಾ, ಬನ್ನಿ" ಎಂದು ಬಲವಂತ ಮಾಡಿ ಒಳಗೆ ಕೂರಿಸಿಕೊಂಡೆವು. ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ ಅವರಿಗೆ. ಅರ್ಧ ಸಿನಿಮಾ ಸುಮ್ನೆ ಕೂತಿದ್ದರು. ಆಮೇಲೆ ಆ ಓಟ ಬಂತು. ಆರು ಕುದುರೆ ಕಟ್ಟಿದ ಗಾಡಿ ಬಯಲಿನಲ್ಲಿ ಓಡುತ್ತದೆ. ಅಪಾಚೆ ಎಂಬ ಅಮೆರಿಕದ ಮೂಲನಿವಾಸಿ ಕುಲದ ಸವಾರನೊಬ್ಬ ತನ್ನ ಕುದುರೆಯಿಂದ ಗಾಡಿಯ ಮುಂದಿನ ಜೋಡಿಯ ಮೇಲೆ ನೆಗೆಯುತ್ತಾನೆ. ಗಾಡಿಯ ಮೇಲಿನಿಂದ ಜಾನ್ ವೇಯ್ನ್ ಗುಂಡು ಹೊಡೆಯುತ್ತಾನೆ. ಸವಾರ ಎರಡು ಕುದುರೆಗಳ ಸಂದಿಯಲ್ಲಿ ಕೆಳಕ್ಕೆ ಜಾರುತ್ತಾನೆ. ನಡುವಿನ ಮರವನ್ನು ಎರಡು ಕೈಯಲ್ಲೂ ಹಿಡಿದು ನೆಲದ ಮೇಲೆ ಎಳೆದುಕೊಂಡು ಹೋಗುತ್ತಾನೆ. ಇನ್ನೊಂದು ಗುಂಡು. ಕೈ ಬಿಡುತ್ತಾನೆ. ಅವನ ಎರಡೂ ಪಕ್ಕದಲ್ಲಿ ಕುದುರೆಗಳ ಗೊರಸು, ಮೇಲೆ ಇಡೀ ಗಾಡಿ. ಗಾಡಿ ದಾಟುತ್ತದೆ. ಅವನು ಹೊರಳಿ, ಏಳಲು ನೋಡುತ್ತಾನೆ.

ಸಾಬರು ಕುರ್ಚಿಯ ತುದಿಗೆ ಬಂದಿದ್ದರು. ಹೊರಗೆ ಬಂದು ಕುದುರೆಗೆ ಹುಲ್ಲು ಹಾಕುತ್ತಾ ಕೇಳಿದರು: "ಬಿದ್ದೋನ ಹೆಸರೇನಪ್ಪ?"

"ಜಾನ್ ವೇಯ್ನ್" ಅಂದೆ. ನನಗೆ ಗೊತ್ತಿದ್ದದ್ದು ಅದೊಂದೇ ಹೆಸರು.

"ಅವನಲ್ಲ ಕಣಪ್ಪ. ಅವನು ಮೇಲಿದ್ದೋನು. ನಾನು ಕೇಳಿದ್ದು ಬಿದ್ದೋನ್ನ. ಬೊಂಬೆ ಅಲ್ಲ ಅದು, ಎದ್ದದ್ದು ನೋಡಲಿಲ್ವಾ? ಕುದುರೇನ ಜೋರಾಗಿ ಬಿಟ್ಟಿದ್ರು, ಅದಕ್ಕೇ ಬದುಕ್ಕೊಂಡ. ನಿಧಾನಕ್ಕೆ ಬಿಟ್ಟಿದ್ರೆ ಅತ್ತಿತ್ತ ಎಳೆದು ತುಳಿದೇ ಬಿಡ್ತಿದ್ವು."

ಪೋಸ್ಟರ್ ನೋಡಿದೆ. ಅಲ್ಲಿ ಆ ಹೆಸರಿರಲಿಲ್ಲ. ಅದು ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಒಂದು ಗ್ರಂಥಾಲಯದಲ್ಲಿ. ಯಾಕಿಮಾ ಕನಟ್. ಜೊತೆಗೆ ಇನ್ನೊಂದು ವಿಷಯವೂ ಸಿಕ್ಕಿತು. ಚಿತ್ರೀಕರಣದ ದಿನ ನಿರ್ದೇಶಕ ಜಾನ್ ಫೋರ್ಡ್‌ಗೆ ಕನಟ್ ಹೇಳಿದ್ದು ಇದೇ ಮಾತು. ಕುದುರೆಗಳನ್ನು ಜೋರಾಗಿ ಓಡಿಸಿ, ಆಗ ನೆಟ್ಟಗೆ ಓಡುತ್ತವೆ, ನಿಧಾನವಾದರೆ ಅಡ್ಡಾದಿಡ್ಡಿ ಹೋಗುತ್ತವೆ ಅಂತ. ಮೈಸೂರಿನ ಜಟಕಾ ಸಾಬರಿಗೂ ಅಮೆರಿಕದ ರೋಡಿಯೋ ಸವಾರನಿಗೂ ಗೊತ್ತಿದ್ದದ್ದು ಒಂದೇ ವಿದ್ಯೆ. ಮೇಷ್ಟ್ರೇ, ಇದನ್ನು ಪ್ರತಿಭೆ ಅನ್ನದೆ ಇನ್ನೇನನ್ನಲಿ?

ಅವನ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1895ರಲ್ಲಿ ವಾಷಿಂಗ್ಟನ್ ರಾಜ್ಯದ ಕೋಲ್‌ಫ್ಯಾಕ್ಸ್ ಹತ್ತಿರದ ಗುಡ್ಡಗಾಡಿನಲ್ಲಿ, ದನ ಕುದುರೆ ಸಾಕುವವರ ಮನೆಯಲ್ಲಿ ಹುಟ್ಟಿದ. ಈನೋಸ್ ಎಡ್ವರ್ಡ್ ಕನಟ್ ಅಂತ ಹೆಸರು. ಯಾಕಿಮಾ ಎನ್ನುವುದು ಅವನ ಊರೂ ಅಲ್ಲ, ಕುಲವೂ ಅಲ್ಲ. 1914ರಲ್ಲಿ ಆರೆಗಾನ್ ರಾಜ್ಯದ ಪೆಂಡಲ್ಟನ್ ರೌಂಡಪ್ ಎಂಬ ರೋಡಿಯೋ ಸ್ಪರ್ಧೆಯಲ್ಲಿ, ಯಾಕಿಮಾ ಕಡೆಯ ಸವಾರರ ಜೊತೆಗಿದ್ದ ಇವನು ಕುದುರೆಯಿಂದ ಹಾರಿಹೋಗುವ ಫೋಟೊ ತೆಗೆದರು. ಅದರ ಕೆಳಗೆ ಪತ್ರಿಕೆಯವರು ಯಾಕಿಮಾ ಕನಟ್ ಎಂದು ಹಾಕಿದರು. ಹೆಸರು ಅಂಟಿಕೊಂಡಿತು. ಗೆದ್ದ ಫೋಟೊದಿಂದ ಬಂದ ಹೆಸರಲ್ಲ ಅದು, ಬಿದ್ದ ಫೋಟೊದಿಂದ ಬಂದದ್ದು.

ರೋಡಿಯೋ ಅಂದರೆ ಸುಮ್ನೆ ಕುದುರೆ ಹತ್ತಿ ಕೂರುವುದಲ್ಲ. ಪಳಗದ ಕುದುರೆ. ಆ ಕಾಲದಲ್ಲಿ ಬಯಲಿನ ನಡುವೆಯೇ ಅದರ ಕಣ್ಣು ಕಟ್ಟಿ, ಇನ್ನೊಬ್ಬ ಸವಾರ ಒತ್ತಿ ಹಿಡಿದಿರುವಾಗ ಜೀನು ಬಿಗಿಯುತ್ತಿದ್ದರು. ಹತ್ತಿದ ಮೇಲೆ ಕಣ್ಣಿನ ಬಟ್ಟೆ ತೆಗೆದು ಬಿಡುತ್ತಿದ್ದರು. ಒಂದೇ ಕೈಯಲ್ಲಿ ಹಗ್ಗ. ಇನ್ನೊಂದು ಕೈ ಗಾಳಿಯಲ್ಲಿ, ಅದು ಕುದುರೆಗೋ ಜೀನಿಗೋ ತಾಗಿದರೆ ಆಟ ಮುಗಿಯಿತು. ಬೆನ್ನು ಕುದುರೆಯ ಬೆನ್ನಿನ ಜೊತೆ ಏಳಬೇಕು, ಇಳಿಯಬೇಕು. ಗೆದ್ದರೂ ಕೊನೆಗೆ ಇಳಿಯಲೇಬೇಕಲ್ಲ, ಅದೂ ಕುಣಿಯುವ ಕುದುರೆಯಿಂದ. ಹಾಗಾಗಿ ಬೀಳುವುದನ್ನು ಮೊದಲು ಕಲಿಯಬೇಕು. ಕನಟ್ ಪೆಂಡಲ್ಟನ್‌ನಲ್ಲಿ ಎಲ್ಲ ವಿಭಾಗ ಸೇರಿಸಿ ಕೊಡುವ ಚಾಂಪಿಯನ್ ಪಟ್ಟವನ್ನು 1917, 1919, 1920, 1923ರಲ್ಲಿ, ಒಟ್ಟು ನಾಲ್ಕು ಸಲ ಗೆದ್ದ. ಓಡುವ ಕುದುರೆಯಿಂದ ಹೋರಿಯ ಮೇಲೆ ನೆಗೆದು, ಕೊಂಬು ಹಿಡಿದು ತಿರುಚಿ ಕೆಡವುವ ಆಟದಲ್ಲೂ ಗೆದ್ದಿದ್ದ.

ಆ ಆಟದ ಮಾತು ಬಂದಾಗ ಬಿಲ್ ಪಿಕೆಟ್‌ನನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಅದನ್ನು ರೋಡಿಯೋಗೆ ತಂದವನೇ ಅವನು. ಕಪ್ಪು ಜನಾಂಗದ ಕೌಬಾಯ್. ಬಣ್ಣದ ಕಾರಣಕ್ಕೆ ಎಷ್ಟೋ ಕಡೆ ಅವನನ್ನು ಸ್ಪರ್ಧೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. 1920ರ ದಶಕದ ಆರಂಭದಲ್ಲಿ ಅವನನ್ನೇ ನಾಯಕನಾಗಿಟ್ಟು ಒಂದು ಸಿನಿಮಾ ತೆಗೆದರು. ಅದರಲ್ಲಿ ಈಗ ಉಳಿದಿರುವುದು ತುಣುಕುಗಳು ಮಾತ್ರ. 1932ರಲ್ಲಿ ಕುದುರೆ ಒದ್ದು ಸತ್ತ. ಕೌಬಾಯ್‌ಗಳ ಗೌರವ ಪಟ್ಟಿಗೆ ಅವನ ಹೆಸರು ಸೇರಿದ್ದು 1970ರ ದಶಕದ ಆರಂಭದಲ್ಲಿ.

ಕನಟ್ ವಿಷಯಕ್ಕೆ ಬರುತ್ತೇನೆ. ಆಗ ಹಾಲಿವುಡ್‌ಗೆ ಸವಾರರು ಬೇಕಿದ್ದರು. ಟಾಮ್ ಮಿಕ್ಸ್, ಹೂಟ್ ಗಿಬ್ಸನ್ ಎಲ್ಲರೂ ಕುದುರೆ ಮೇಲಿನಿಂದಲೇ ಪರದೆಗೆ ಬಂದವರು. ಕನಟ್ ಕೂಡ 1920ರ ದಶಕದ ನಡುವಿನಲ್ಲಿ ಕಡಿಮೆ ದುಡ್ಡಿನ ವೆಸ್ಟರ್ನ್‌ಗಳ, ಅಂದರೆ ಕೌಬಾಯ್ ಸಿನಿಮಾಗಳ ಹೀರೋ ಆದ. 1926ರ 'ದಿ ಡೆವಿಲ್ ಹಾರ್ಸ್'ನಲ್ಲಿ ರೆಕ್ಸ್ ಎಂಬ ಹೆಸರಾಂತ ಕುದುರೆಯ ಜೊತೆ ನಟಿಸಿದ. ಆಮೇಲೆ ಸಿನಿಮಾಕ್ಕೆ ಮಾತು ಬಂತು. ನೌಕಾಪಡೆಯಲ್ಲಿದ್ದಾಗ ಬಂದ ಫ್ಲೂ ಜ್ವರ ಅವನ ಗಂಟಲು ಕೆಡಿಸಿತ್ತು. ಆ ದನಿ ಹೀರೋಗೆ ಒಗ್ಗಲಿಲ್ಲ.

ನೀವು ಸೋಲು ಅನ್ನುವುದು ಇದನ್ನೇ. ಸೋಲು ಹೇಗಿರುತ್ತದೆ ಅಂತ ನೋಡಬೇಕಾದರೆ ಆರ್ಟ್ ಅಕಾರ್ಡ್‌ನನ್ನು ನೋಡಿ. ಅವನೂ ರೋಡಿಯೋ ಚಾಂಪಿಯನ್, ಅವನೂ ಮೂಕಿ ವೆಸ್ಟರ್ನ್‌ಗಳ ತಾರೆ. ಮಾತಿನ ಸಿನಿಮಾ ಬಂದ ಮೇಲೆ ಅವಕಾಶ ಹೋಯಿತು, ಕುಡಿತ ಉಳಿಯಿತು. 1931ರ ಜನವರಿಯಲ್ಲಿ ಮೆಕ್ಸಿಕೋದ ಚಿವಾವಾದಲ್ಲಿ ವಿಷದಿಂದ ಸತ್ತ. ಆಗ ಅವನಿಗೆ ಬರೀ 40 ವರ್ಷ. ಅದೇ ಹೊತ್ತಿನಲ್ಲಿ, ಅದೇ ಪೆಟ್ಟು ತಿಂದ ಕನಟ್ ಏನು ಮಾಡಿದ? ಬೀಳುವುದನ್ನು ಕೂತು ಯೋಚಿಸಿದ.

ಒಂದು ಸಣ್ಣ ವಸ್ತು ತೋರಿಸುತ್ತೇನೆ. ಜೀನಿನಿಂದ ಜೋತುಬಿದ್ದಿರುವ, ಸವಾರ ಕಾಲು ತೂರಿಸುವ ಬಳೆ ಇದೆಯಲ್ಲ, ರಿಕಾಪು. ಕುದುರೆಯಿಂದ ಬಿದ್ದವನನ್ನು ಸಾಯಿಸುವುದು ಎಷ್ಟೋ ಸಲ ಬರೀ ನೆಲವಲ್ಲ, ಈ ರಿಕಾಪು ಕೂಡ. ಪಾದ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಕುದುರೆ ಹೆದರಿ ಓಡುತ್ತದೆ. ತಲೆ ಕಲ್ಲಿಗೆ ಬಡಿಯುತ್ತಾ ಹೋಗುತ್ತದೆ. ಕನಟ್ ಆ ಬಳೆಯ ಒಂದು ಪಕ್ಕವನ್ನೇ ತೆಗೆದುಬಿಟ್ಟ. ಉಳಿದದ್ದು ಇಂಗ್ಲಿಷಿನ ಎಲ್ ಅಕ್ಷರದ ಆಕಾರ. ಮೆಟ್ಟಿ ನಿಲ್ಲಬಹುದು, ಜಿಗಿಯುವಾಗ ಪಾದ ಪಕ್ಕಕ್ಕೆ ಜಾರಿ ಬರುತ್ತದೆ. ಇಷ್ಟೇ. ಈ ಅರ್ಧ ಬಳೆಯಿಂದ ಎಷ್ಟು ಮನೆಯ ಮಕ್ಕಳು ಸಂಜೆ ಮನೆಗೆ ಬಂದಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಹೊಡೆದಾಟಕ್ಕೂ ಅವನದೇ ದಾರಿ. ಅದಕ್ಕೆ ಮುಂಚೆ ಹೆಗಲಿಗೆ ನಿಜವಾಗಿ ಗುದ್ದುತ್ತಿದ್ದರು. ಪೆಟ್ಟೂ ಆಗುತ್ತಿತ್ತು, ನೋಡಲೂ ಚೆನ್ನಾಗಿರುತ್ತಿರಲಿಲ್ಲ. ಕನಟ್ ಮತ್ತು ಜಾನ್ ವೇಯ್ನ್ ಸೇರಿ ಕ್ಯಾಮೆರಾ ಇಡುವ ಜಾಗ ಬದಲಾಯಿಸಿದರು. ಒಬ್ಬನ ಹೆಗಲ ಹಿಂದೆ ಕ್ಯಾಮೆರಾ. ಮುಷ್ಟಿ ಎದುರಿನವನ ಮುಖದ ಮುಂದೆ ಹಾದು ಹೋಗುತ್ತದೆ, ತಾಗುವುದಿಲ್ಲ. ಅದೇ ಕ್ಷಣಕ್ಕೆ ಅವನು ತಲೆ ಎಸೆಯುತ್ತಾನೆ. ಸದ್ದು ಆಮೇಲೆ ಸೇರಿಸುತ್ತಾರೆ. ಇವತ್ತು ಗಾಂಧಿನಗರದ ಯಾವ ಫೈಟ್ ಮಾಸ್ಟರ್ ಸೆಟ್ಟಿಗೆ ಹೋದರೂ ಈ ಲೆಕ್ಕ ನೋಡುತ್ತೀರಿ. ವೇಯ್ನ್ ತನ್ನ ನಡಿಗೆಯನ್ನೂ ಮಾತನಾಡುವ ರೀತಿಯನ್ನೂ ಕನಟ್‌ನಿಂದ ಕಲಿತೆ ಎಂದು ತಾನೇ ಹೇಳಿಕೊಂಡಿದ್ದಾನೆ. ಜಗತ್ತು ಮೆಚ್ಚಿದ ಆ ನಡಿಗೆ ಮೊದಲು ಒಬ್ಬ ರೋಡಿಯೋ ಸವಾರನದು ಎಂದರೆ ಸೋತವನು ಯಾರು, ನೀವೇ ಹೇಳಿ.

1939ರಲ್ಲೇ 'ಗಾನ್ ವಿತ್ ದಿ ವಿಂಡ್' ಚಿತ್ರದಲ್ಲಿ ಉರಿಯುವ ಅಟ್ಲಾಂಟಾದ ನಡುವೆ ಗಾಡಿ ಹೊಡೆದವನೂ ಇವನೇ, ಕ್ಲಾರ್ಕ್ ಗೇಬಲ್ ಬದಲಿಗೆ. ಮುಂದಿನ ವರ್ಷ ಇನ್ನೊಂದು ಚಿತ್ರದಲ್ಲಿ ಕುದುರೆ ಮೈಮೇಲೆ ಬಿದ್ದು ಭಾರಿ ಪೆಟ್ಟಾಯಿತು. 1943ರಲ್ಲಿ ಎರಡೂ ಕಾಲಿನ ಹರಡು ಮುರಿಯಿತು. ಆಮೇಲೆ ಬೀಳುವುದು ಕಡಿಮೆ ಮಾಡಿ, ಬೇರೆಯವರು ಬದುಕಿ ಉಳಿಯುವ ಹಾಗೆ ಬೀಳಿಸುವುದನ್ನು ಕೈಗೆತ್ತಿಕೊಂಡ.

'ಬೆನ್‌ಹರ್' ನೀವೂ ನೋಡಿರುತ್ತೀರಿ, ಅಲ್ವಾ? 1959ರ ಆ ರಥದ ಓಟ. ಚಿತ್ರದ ನಿರ್ದೇಶಕ ವಿಲಿಯಂ ವೈಲರ್ ಎಂದು ಎಲ್ಲರಿಗೂ ಗೊತ್ತು. ಆದರೆ ಆ ಓಟವನ್ನು ಕಟ್ಟಿದ್ದು, ಚಿತ್ರಿಸಿದ್ದು ಆಂಡ್ರ್ಯೂ ಮಾರ್ಟನ್ ಮತ್ತು ಕನಟ್. ರೋಮ್‌ನ ಚಿನೆಚಿತ್ತಾ ಸ್ಟುಡಿಯೋದ ಅಂಗಳದಲ್ಲಿ 18 ಎಕರೆ ಕಣ. ಕುದುರೆಗಳನ್ನೂ ಸವಾರರನ್ನೂ ತಿಂಗಳುಗಟ್ಟಲೆ ಪಳಗಿಸಿದ. ಚಾರ್ಲ್‌ಟನ್ ಹೆಸ್ಟನ್‌ಗೆ ನಾಲ್ಕು ಕುದುರೆ ಹಿಡಿಯುವುದನ್ನು ಕಲಿಸಿದ. ಓಡಿಸುವುದೇನೋ ಬಂತು, ಗೆಲ್ಲಬಲ್ಲೆನಾ ಗೊತ್ತಿಲ್ಲ ಎಂದು ಹೆಸ್ಟನ್ ಅಳುಕಿದಾಗ, ನೀನು ರಥದ ಮೇಲೆ ನಿಂತಿರು ಸಾಕು, ಗೆಲುವು ನನ್ನ ಜವಾಬ್ದಾರಿ ಎಂದನಂತೆ. ಒಂದು ರಥ ಮುರಿದ ರಥದ ಮೇಲಿಂದ ಹಾರುವ ಕಡೆ ಹೆಸ್ಟನ್ ಬದಲಿಗೆ ನಿಂತವನು ಕನಟ್‌ನ ಮಗ ಜೋ. ಹಾರಿದ ರಭಸಕ್ಕೆ ಹುಡುಗ ಮುಂದಕ್ಕೆ ಎಸೆಯಲ್ಪಟ್ಟ. ಕುದುರೆಗಳ ಹಿಂದೆ, ಚಕ್ರದ ಮುಂದೆ ಬೀಳಬೇಕಾದವನು ರಥದ ಮುಂದಿನ ಅಡ್ಡಪಟ್ಟಿ ಹಿಡಿದುಕೊಂಡ. ಗದ್ದಕ್ಕೆ ನಾಲ್ಕು ಹೊಲಿಗೆ ಬಿತ್ತು, ಅಷ್ಟೇ. ಅಪ್ಪ ಪಕ್ಕದಲ್ಲೇ ನಿಂತಿದ್ದ ಆ ಹೊತ್ತನ್ನು ನೆನೆದರೆ ನನಗೆ ಈಗಲೂ ಎದೆ ಹಿಂಡುತ್ತದೆ. ಆ ಓಟದಲ್ಲಿ ಒಬ್ಬ ಸತ್ತ, ಅದನ್ನೂ ಸಿನಿಮಾದಲ್ಲಿ ಉಳಿಸಿಕೊಂಡರು ಎಂಬ ಕಥೆ ಊರೆಲ್ಲ ಓಡಾಡುತ್ತದೆ. ನಮ್ಮ ಕಚೇರಿಗೂ ಆಗಾಗ ಬರೆಯುತ್ತಾರೆ. ಅದು ಸುಳ್ಳು. ಯಾರೂ ಸಾಯಲಿಲ್ಲ. 1925ರ ಮೂಕಿ 'ಬೆನ್‌ಹರ್'ನಲ್ಲಿ ಹಲವಾರು ಕುದುರೆ ಸತ್ತಿದ್ದವು. ಆ ಎರಡು ಓಟಗಳ ನಡುವಿನ ವ್ಯತ್ಯಾಸದಲ್ಲಿ ಕನಟ್‌ನ ತಲೆ ಇದೆ.

ಇಷ್ಟು ಮಾಡಿದವನು 90 ವರ್ಷ ಬದುಕಿದ. 1986ರಲ್ಲಿ ವಯಸ್ಸಾಗಿ ತೀರಿಕೊಂಡ. 1967ರಲ್ಲಿ ಅವನಿಗೆ ಗೌರವ ಆಸ್ಕರ್ ಕೊಟ್ಟರು. ಸಾಹಸಕ್ಕೆ ಮಾತ್ರವಲ್ಲ, ಸಾಹಸ ಕಲಾವಿದರನ್ನು ಕಾಪಾಡುವ ಸಾಧನ ಮಾಡಿದ್ದಕ್ಕೆ ಅಂತಲೂ ಅದರಲ್ಲಿ ಹೇಳಿದ್ದಾರೆ. ಆಮೇಲೆ ಆ ಕಸುಬಿಗೆ ಪ್ರತಿ ವರ್ಷ ಕೊಡುವ ಆಸ್ಕರ್ ಬೇಕು ಎಂದು ಜನ ಕೇಳುತ್ತಲೇ ಇದ್ದರು. 2025ರಲ್ಲಿ ಘೋಷಣೆಯಾಯಿತು. 2027ರ ಸಿನಿಮಾಗಳಿಗೆ, 2028ರ ಸಮಾರಂಭದಲ್ಲಿ ಮೊದಲ ಸಲ ಕೊಡುತ್ತಾರಂತೆ. ಉಡುಪಿಗೆ, ಕೂದಲಿಗೆ, ಬಣ್ಣಕ್ಕೆ ಇದ್ದ ಪ್ರಶಸ್ತಿ ಮೂಳೆ ಮುರಿದುಕೊಂಡವರಿಗೆ ಇರಲಿಲ್ಲ. ಈ ವಿಷಯದಲ್ಲಿ ನಮ್ಮ ದೇಶ ಮುಂದಿದೆ ಎಂದು ಹೆಮ್ಮೆಯಿಂದ ಹೇಳುತ್ತೇನೆ. ರಾಷ್ಟ್ರ ಪ್ರಶಸ್ತಿಯಲ್ಲಿ 2017ರ ಚಿತ್ರಗಳಿಂದಲೇ ಸಾಹಸಕ್ಕೆ ಬಹುಮಾನ ಇದೆ. ಮುಂದಿನ ವರ್ಷವೇ ಅದು ನಮ್ಮ 'ಕೆಜಿಎಫ್'ಗೆ ಬಂತು.

ಆದರೆ ಹೆಮ್ಮೆ ಅಲ್ಲಿಗೇ ನಿಲ್ಲುತ್ತದೆ. 2016ರ ನವೆಂಬರ್ 7ನ್ನು ನಾನು ಮರೆತಿಲ್ಲ, ನೀವೂ ಮರೆತಿರಲಾರಿರಿ. ತಿಪ್ಪಗೊಂಡನಹಳ್ಳಿ ಜಲಾಶಯ. ಸಿನಿಮಾ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರ್‌ನಿಂದ ನೀರಿಗೆ ಧುಮುಕಿದ ಅನಿಲ್, ಉದಯ್ ಇಬ್ಬರೂ ಜೀವಂತ ದಡಕ್ಕೆ ಬರಲಿಲ್ಲ. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅರ್ಧ ಬಳೆಯ ಆ ರಿಕಾಪು ಬಂದು ಎಷ್ಟು ಕಾಲವಾಗಿತ್ತು, ಲೆಕ್ಕ ಹಾಕಿ ಮೇಷ್ಟ್ರೇ. ಬೀಳುವುದಕ್ಕೆ ಏನೂ ಬೇಕಿಲ್ಲ, ಧೈರ್ಯ ಇದ್ದರೆ ಸಾಕು ಎಂದು ನಂಬಿದ ಕಡೆ ಹೀಗಾಗುತ್ತದೆ. ನಿಮ್ಮ ಸಾಲು ನನಗೆ ಚುಚ್ಚಿದ್ದು ಅದಕ್ಕೇ.

ಇನ್ನೊಂದು ನೋವಿದೆ. ನಮ್ಮ ಸಿನಿಮಾ ಪುಟಗಳಲ್ಲಿ "ಡ್ಯೂಪ್ ಬಳಸದೆ ನಟಿಸಿದ ನಾಯಕ" ಎಂಬುದು ದೊಡ್ಡ ಹೊಗಳಿಕೆ. ಎಲ್ಲ ಪತ್ರಿಕೆಯಲ್ಲೂ ಬರುತ್ತದೆ, ನಮ್ಮಲ್ಲೂ ಬಂದಿದೆ. ಆ ಮಾತಿನೊಳಗೆ ಡ್ಯೂಪ್ ಅಂದರೆ ಮೋಸ ಎಂಬ ಅರ್ಥ ಅಡಗಿದೆ. ಯಾರದೋ ಬೆನ್ನುಮೂಳೆಯನ್ನು ಮೋಸ ಅನ್ನುವುದು ನ್ಯಾಯವಾ? ಟಾಕೀಸಿನಲ್ಲಿ ಕೊನೆಯ ಹೆಸರುಗಳು ಬರುವ ಹೊತ್ತಿಗೆ ದೀಪ ಹಾಕಿ ಬಾಗಿಲು ತೆಗೆಯುತ್ತಾರೆ. ಮನೆಯ ಟಿವಿಯಲ್ಲಿ ಆ ಹೆಸರುಗಳನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ಮೂಲೆಗೆ ತಳ್ಳಿ, ಮುಂದಿನದು ಶುರು ಮಾಡುತ್ತಾರೆ. ಬರೀ ಸಿನಿಮಾದ ಮಾತಲ್ಲ ಇದು. ಕಲ್ಯಾಣ ಮಂಟಪದ ಫಲಕದಲ್ಲಿ ದಾನಿಯ ಹೆಸರಿದೆ, ಗಾರೆ ಕೆಲಸದವನದಿಲ್ಲ. ತೇರಿನ ದಿನ ಗಣ್ಯರ ಪಟ್ಟಿ ಓದುತ್ತಾರೆ, ಚಕ್ರದ ಪಕ್ಕ ಅಂಗೈಯಗಲ ದೂರದಲ್ಲಿ ನಿಂತು ತೇರು ತಿರುಗಿಸುವವನ ಹೆಸರು ಯಾರೂ ಓದುವುದಿಲ್ಲ.

ಕರಾವಳಿಯ ಕಂಬಳದವರಿಂದ ನಾವು ಕಲಿಯಬೇಕು. ಮರುದಿನ ಪತ್ರಿಕೆಯಲ್ಲಿ ಫಲಿತಾಂಶ ನೋಡಿ. ಮೊದಲು ಕೋಣಗಳ ಯಜಮಾನರ ಹೆಸರು. ಅದರ ಪಕ್ಕದಲ್ಲೇ "ಓಡಿಸಿದವರು" ಎಂದು ಇನ್ನೊಂದು ಹೆಸರು. ಕೆಸರಿನಲ್ಲಿ ಓಡಿದ ಮನುಷ್ಯನ ಹೆಸರು. ಎಷ್ಟು ಸರಳ, ಎಷ್ಟು ಸರಿ! ಮುಂದಿನ ಸಂಚಿಕೆಯಿಂದ ನಮ್ಮ ಚಿತ್ರ ವಿಮರ್ಶೆಯ ಕೆಳಗೂ ಸಾಹಸ ನಿರ್ದೇಶಕರ ಹೆಸರು, ಸಿಕ್ಕಷ್ಟು ಸಾಹಸ ಕಲಾವಿದರ ಹೆಸರು ಇರುತ್ತದೆ. "ಡ್ಯೂಪ್ ಬಳಸದೆ" ಎಂಬ ಮಾತು ನಮ್ಮ ಪುಟದಲ್ಲಿ ಇನ್ನು ಬರುವುದಿಲ್ಲ.

ನಿಮ್ಮ ಶಿಷ್ಯನ ಬಗ್ಗೆ ಒಂದು ಮಾತು. ಜಾಣ ಹುಡುಗ, ಬೇಜಾರಾಗುತ್ತದೆ ಎಂದು ಬರೆದಿದ್ದೀರಿ. ಜಾಣನಾದದ್ದಕ್ಕೇ ಅವನು ಇನ್ನೂ ನೆಟ್ಟಗಿದ್ದಾನೆ ಎಂದು ನನ್ನ ನಂಬಿಕೆ. ನೀವು ಕಲಿಸಿದ ಲೆಕ್ಕವನ್ನೇ ಅವನು ದಿನಾ ಮಾಡುತ್ತಿದ್ದಾನೆ. ಎಷ್ಟು ಎತ್ತರ, ಎಷ್ಟು ವೇಗ, ಎಲ್ಲಿ ಹೆಗಲು ಕೊಡಬೇಕು, ಎಲ್ಲಿ ಹೊರಳಬೇಕು. ಸಲ ಸಲವೂ ಉತ್ತರ ಸರಿ ಬರಲೇಬೇಕಾದ ಲೆಕ್ಕ. ಮುಂದಿನ ಸಲ ಅವನು ಸಾಗರಕ್ಕೆ ಬಂದಾಗ ಮನೆಗೆ ಕರೆಯಿರಿ. ಕಾಫಿ ಕೊಟ್ಟು, ಯಾವ್ಯಾವ ಸಿನಿಮಾದಲ್ಲಿ, ಯಾವ ದೃಶ್ಯದಲ್ಲಿ, ಯಾರ ಬದಲಿಗೆ ಬಿದ್ದ ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಕೈಬರಹ ಚೆನ್ನಾಗಿದೆ. ಅವನು ಒಪ್ಪಿದರೆ ಆ ಪಟ್ಟಿಯನ್ನು ಅವನ ಪೂರ್ತಿ ಹೆಸರಿನ ಜೊತೆ ನಮಗೆ ಕಳಿಸಿ. ಒಂದು ಪುಟ ಖಾಲಿ ಇಟ್ಟಿರುತ್ತೇನೆ.

— ಸಂಪಾದಕ